ಸುಣ್ಣಗಾರ ಓಣಿಯ ತಂಪಿನ ಪಾಳಿ

ಹಾಸಗಲ್ಲು ಪಟ್ಟಣದಲ್ಲಿ ಈಗ ಬಿಸಿಲಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಮಾತಿನಿಂದ ಅದು ಕಡಿಮೆಯಾಗುವಂತಿದ್ದರೆ ನಮ್ಮೂರಿನವರ ಬಾಯಿಗೆ ಹೆದರಿ ಎಂದೋ ಓಡಿಹೋಗಬೇಕಿತ್ತು. ಯುಗಾದಿ ಕಳೆದ ಮೇಲೆ ಹಗಲು ಹೊತ್ತು ಪಾಸ್ ಇಲ್ಲದೆ ಹೊರಗೆ ತಿರುಗಬಾರದೆಂದು ಕಾನೂನೇ ಇದೆ. ನಾವು ಮಾತಾಡುವುದು ಪಾಳಿಯ ಬಗ್ಗೆ. ಎದುರಿಗೆ ಸಿಕ್ಕವರನ್ನು "ಊಟ ಆಯ್ತೇನ್ರಿ?" ಎಂದು ಕೇಳುತ್ತಿದ್ದ ಕಾಲ ಹೋಯಿತು. ಈಗ "ಪಾಳಿ ಬಂತೇನ್ರಿ?" ಎನ್ನುತ್ತೇವೆ.

ಪಾಳಿ ಎಂದರೆ ತಂಪಿನ ಪಾಳಿ. ಊರ ಹೊರಗಿನ ಹಳೆಯ ಕಲ್ಲುಗಣಿಯಲ್ಲಿ ಒಂದು ಕಾರ್ಖಾನೆ ಕಟ್ಟಿದ್ದಾರೆ. ಬಿಸಿಲಿನಿಂದಲೇ ಕರೆಂಟು ತೆಗೆದು ಅಲ್ಲಿ ಉಪ್ಪುನೀರನ್ನು ಹಿಮಕ್ಕಿಂತ ತಣ್ಣಗೆ ಮಾಡುತ್ತಾರೆ. ಆ ನೀರು ನೆಲದಡಿಯ ಕೊಳವೆಗಳಲ್ಲಿ ಓಣಿ ಓಣಿಗೆ ಹರಿಯುತ್ತದೆ. ಪ್ರತಿ ಮನೆಯ ಗೋಡೆಗೂ ಒಂದು ಜಾಲರಿ ಇದೆ. ನೀರು ಹರಿದಾಗ ಅದರೊಳಗಿಂದ ತಣ್ಣನೆಯ ಗಾಳಿ ಬರುತ್ತದೆ. ಇಡೀ ಊರಿಗೆ ಒಟ್ಟಿಗೆ ಕೊಡುವಷ್ಟು ತಂಪು ಕಾರ್ಖಾನೆಯಲ್ಲಿಲ್ಲ. ಹಾಗಾಗಿ ಒಂದು ಓಣಿಗೆ ಸ್ವಲ್ಪ ಹೊತ್ತು, ಆಮೇಲೆ ಮುಂದಿನ ಓಣಿಗೆ. ನಮ್ಮೂರಿನ ಮನೆಗಳೆಲ್ಲ ಹಾಸುಗಲ್ಲಿನವು, ಮಾಳಿಗೆಯೂ ಕಲ್ಲಿನದೇ. ಅಜ್ಜಂದಿರ ಕಾಲದಲ್ಲಿ ಈ ಕಲ್ಲು ತಂಪು ಹಿಡಿದಿಡುತ್ತಿತ್ತಂತೆ. ಈಗ ಬಿಸಿಯನ್ನೂ ಅಷ್ಟೇ ನಿಯತ್ತಿನಿಂದ ಹಿಡಿದಿಡುತ್ತದೆ.

ನಾನು ನೀಲಾಂಬಿಕಾ. ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಮೊದಲು ಯಾವುದೋ ದೊಡ್ಡ ಕಂಪನಿಯ ಸಾಫ್ಟ್‌ವೇರ್ ಇತ್ತು. ಒಂದು ಬೇಸಿಗೆಯ ನಡುವೆ ಆ ಕಂಪನಿ ಬಾಗಿಲು ಹಾಕಿತು, ಅದರೊಟ್ಟಿಗೆ ನಮ್ಮ ವಾಲ್ವುಗಳೂ ಬಾಯಿ ಮುಚ್ಚಿದವು. ಆಗ ನಮ್ಮ ಎಂಜಿನಿಯರ್ ಜಗದೇವ ಸಾಹೇಬರು ಎಲ್ಲ ಆಫೀಸಿನಲ್ಲೂ ಇರುವ ಸ್ಪ್ರೆಡ್‌ಶೀಟನ್ನೇ ತೆಗೆದು, ವಾಲ್ವುಗಳ ತಂತಿಯನ್ನು ಅದಕ್ಕೆ ಜೋಡಿಸಿ, ಊರನ್ನು ಉಳಿಸಿದರು. ಇದನ್ನು ನಾನು ಸುಳ್ಳೆನ್ನುವುದಿಲ್ಲ. ಆ ಮನುಷ್ಯನ ಮೇಲೆ ನನಗಿರುವ ಸಿಟ್ಟು ನನ್ನ ಜೊತೆಗೇ ಮಣ್ಣಿಗೆ ಹೋಗುತ್ತದೆ, ಆದರೂ ಆ ಬೇಸಿಗೆಯಲ್ಲಿ ಊರನ್ನು ಉಳಿಸಿದ್ದು ಅವರೇ.

ಲೆಕ್ಕ ಸರಳ. ಒಂದು ಓಣಿಗೆ ಒಂದು ಶೀಟು. ಒಂದು ಮನೆಗೆ ಒಂದು ಸಾಲು. ಮನೆಯೊಳಗಿನ ಬಿಸಿ ಎಷ್ಟೆಂದು ಗೋಡೆಯ ಸೆನ್ಸರ್ ಹೇಳುತ್ತದೆ; ಮಿತಿ ದಾಟಿದರೆ ಆ ಸಾಲು ಕೆಂಪಾಗುತ್ತದೆ, ಇಲ್ಲವಾದರೆ ಹಸಿರು. ಓಣಿಯಲ್ಲಿ ಒಂದೇ ಒಂದು ಮನೆ ಕೆಂಪಾದರೂ ಪರದೆಯ ಕೆಳತುದಿಯಲ್ಲಿ ಆ ಶೀಟಿನ ಹೆಸರೂ ಕೆಂಪಾಗುತ್ತದೆ. ಇನ್ನು ಶೀಟಿನಿಂದ ಶೀಟಿಗೆ ಓಡಾಡಲು ಒಂದು ಮ್ಯಾಕ್ರೋ. ಮ್ಯಾಕ್ರೋ ಎಂದರೆ ಮಂತ್ರ ತಂತ್ರವಲ್ಲ, ನಾವು ಕೈಯಿಂದ ಮಾಡುವ ಕೆಲಸವನ್ನು ಯಂತ್ರಕ್ಕೆ ಬಾಯಿಪಾಠ ಮಾಡಿಸಿದ್ದು ಅಷ್ಟೇ. ಮುಂದಿನ ಶೀಟಿಗೆ ಹೋಗು, ಅಲ್ಲಿ ಬರೆದಿರುವ ವಾಲ್ವಿನ ನಂಬರು ಓದು, ತೆರೆ, ಪಾಳಿ ಮುಗಿದ ಮೇಲೆ ಮುಚ್ಚು, ಮುಂದಕ್ಕೆ ನಡೆ, ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ ಬಾ. ಅದು ತಾನಾಗಿಯೇ ಸುತ್ತುತ್ತಿರುತ್ತದೆ. ಅವಸರವಿದ್ದರೆ ಪರದೆಯ ಮೇಲೆ 'ಮುಂದಿನ ಓಣಿ' ಎಂಬ ಬಟನ್ ಇದೆ. ಒತ್ತಿದರೆ ಇರುವ ಓಣಿಯನ್ನು ಬಿಟ್ಟು ಮುಂದಿನದಕ್ಕೆ ಹಾರುತ್ತದೆ.

ಒಂದು ತೊಡಕಿತ್ತು. ಶೀಟನ್ನು ಕಣ್ಣಿಗೆ ಕಾಣದಂತೆ ಅಡಗಿಸಿಡಬಹುದು. ಹಾಗೆ ಅಡಗಿಸಿದ ಶೀಟಿಗೆ ಹೋಗಲು ಹೊರಟ ಮ್ಯಾಕ್ರೋ ಮುಗ್ಗರಿಸಿ ನಿಂತುಬಿಡುತ್ತಿತ್ತು. ಅದು ನಿಂತರೆ ಊರೇ ನಿಲ್ಲುತ್ತದೆ. ಸಾಹೇಬರು ಅದಕ್ಕೆ ಇನ್ನೊಂದು ಸಾಲು ಕಲಿಸಿದರು: ಕಾಣದ ಶೀಟು ಬಂದರೆ ದಾಟಿ ಹೋಗು.

ಯಾಕೆ ಅಡಗಿಸಬೇಕು ಎಂದು ಕೇಳುತ್ತೀರಿ. ದೊಡ್ಡವರು ನೋಡಲು ಬರುವ ದಿನ ಕೆಂಪು ಶೀಟು ಕಣ್ಣಿಗೆ ಬೀಳಬಾರದಲ್ಲ, ಅದಕ್ಕೆ. ಬೀಗರು ಬರುವಾಗ ಮನೆಯ ಹರಕು ಚಾದರವನ್ನು ಟ್ರಂಕಿನ ಹಿಂದೆ ತುರುಕುವುದಿಲ್ಲವೇ, ಹಾಗೆ. ಬಂದವರು ನೋಡಿ ಹೋಗುವುದು ಅರ್ಧ ತಾಸು. ಆ ಅರ್ಧ ತಾಸು ಒಂದು ಓಣಿಗೆ ಪಾಳಿ ತಪ್ಪಿದರೆ ಯಾರೂ ಸಾಯುವುದಿಲ್ಲ ಎಂದು ಎಲ್ಲರೂ ಸುಮ್ಮನಿದ್ದರು.

ಹಾಗೆ ಪ್ರತಿ ಸಲವೂ ಅಡಗುತ್ತಿದ್ದದ್ದು ಸುಣ್ಣಗಾರ ಓಣಿ. ಕಾರಣ ನಮ್ಮ ಚಿಗವ್ವ.

ಚಿಗವ್ವ ಕಾಶೀಬಾಯಿ ನನ್ನ ಅವ್ವನ ತಂಗಿ. ಅವ್ವ ಹೋದ ಮೇಲೆ ನನ್ನ ತಲೆ ಬಾಚಿ, ಬೈದು, ಓದಿಸಿ ದೊಡ್ಡವಳನ್ನಾಗಿ ಮಾಡಿದವಳು. ಸುಣ್ಣಗಾರ ಓಣಿಯಲ್ಲಿ ಅವಳದು ಎರಡೇ ಕೋಣೆಯ ಮನೆ. ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಕಂಟ್ರೋಲ್ ರೂಮಿನ ಎಲ್ಲರ ಮಧ್ಯಾಹ್ನದ ಊಟಕ್ಕೂ ಅವಳ ರೊಟ್ಟಿಯೇ. ಸೆನ್ಸರ್ ಕೂರಿಸಲು ಬಂದವರು ಒಲೆಯ ಪಕ್ಕದ ಗೋಡೆಗೇ ಅದನ್ನು ಹೊಡೆದು ಹೋಗಿದ್ದರು. ಒಲೆ ಹೊತ್ತಿದರೆ ಸಾಲು ಕೆಂಪು, ಸಾಲು ಕೆಂಪಾದರೆ ಓಣಿಯೇ ಕೆಂಪು.

ಆ ಓಣಿಯವರು ಪಾಳಿಗೆ ಹೊಂದಿಕೊಂಡ ಬಗೆಯನ್ನು ನೋಡಬೇಕಿತ್ತು. ತಂಪು ಬರುವ ಹೊತ್ತಿಗೆ ಓಣಿಯ ಬಾಗಿಲುಗಳೆಲ್ಲ ದಡದಡ ಮುಚ್ಚುತ್ತಿದ್ದವು. ಬಾಣಂತಿಯರನ್ನು, ಮುದುಕರನ್ನು ಜಾಲರಿಯ ಕೆಳಗೆ ಕೂರಿಸುತ್ತಿದ್ದರು. ಬಟ್ಟೆ ಒಗೆಯುವುದು, ಖಾರ ಕುಟ್ಟುವುದು, ಗಂಡ ಹೆಂಡಿರ ಜಗಳ ಎಲ್ಲ ಅದೇ ಹೊತ್ತಿಗೆ. ಉಳಿದ ಹೊತ್ತಿನಲ್ಲಿ ಜಗಳಕ್ಕೂ ತ್ರಾಣ ಇರುತ್ತಿರಲಿಲ್ಲ. ಚಿಗವ್ವ ಹಿಟ್ಟು ನಾದಿಟ್ಟುಕೊಂಡು ಕಾದು ಕೂತಿರುತ್ತಿದ್ದಳು. ಜಾಲರಿ ಸುಂಯ್ ಎಂದ ಮೇಲೆಯೇ ಒಲೆ ಹೊತ್ತಿಸುವುದು. ತಂಪು ನಿಲ್ಲುವುದರೊಳಗೆ ಬುಟ್ಟಿ ತುಂಬ ರೊಟ್ಟಿ. ಅವಳ ಕೈ ನೋಡುತ್ತಿದ್ದರೆ ನಮಗೆ ಆಯಾಸವಾಗುತ್ತಿತ್ತು.

"ಚಿಗವ್ವ, ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ? ನನ್ನ ಕ್ವಾರ್ಟರ್ಸಿಗಿ ಬಂದ್ ಬಿಡು," ಎಂದರೆ, "ನಿನ್ನ ಗೂಡಿನ್ಯಾಗ ನನ್ನ ಒಲಿ ಹಿಡಿಸ್ತದೇನು? ಕುಂತು ಉಂಡ್ರ ನಾ ಎರಡ ದಿನದಾಗ ಸಾಯ್ತೀನಿ ನೋಡು," ಎನ್ನುತ್ತಿದ್ದಳು. ಮತ್ತೆ ಹಿಂದೆಯೇ, "ನೀ ಅದೀಯಲ್ಲ ಅಲ್ಲಿ, ತಂಪು ಕಳಸ್ಲಾಕ," ಎಂದು ನನ್ನ ಗಲ್ಲಕ್ಕೆ ಹಿಟ್ಟಿನ ಕೈಯಿಂದ ತಟ್ಟುತ್ತಿದ್ದಳು.

ಈ ಬೇಸಿಗೆ ಬಂದವರು ಅರ್ಧ ತಾಸಿನ ಅತಿಥಿಗಳಲ್ಲ. ನಮ್ಮ ಪಾಳಿ ಪದ್ಧತಿಯನ್ನು ಬೇರೆ ಊರುಗಳಿಗೂ ಹಾಕಿಸಬೇಕೇ ಎಂದು ನೋಡಲು ರಾಜಧಾನಿಯಿಂದ ಒಂದು ಸಮಿತಿ ಬಂತು. ವಾರ ಪೂರ್ತಿ ಪ್ರವಾಸಿ ಬಂಗ್ಲೆಯಲ್ಲಿ ಅವರ ಮುಕ್ಕಾಮು. ಜಗದೇವ ಸಾಹೇಬರಿಗೆ ಕೈಕಾಲು ನಿಲ್ಲಲಿಲ್ಲ. ಬಂಗ್ಲೆಯ ಶೀಟನ್ನು ನಕಲು ಮಾಡಿ ಮಾಡಿ ಓಣಿಗಳ ನಡುನಡುವೆ ಸೇರಿಸಿದರು. ಮ್ಯಾಕ್ರೋ ನಾಲ್ಕು ಓಣಿ ದಾಟುವುದರೊಳಗೆ ಮತ್ತೆ ಬಂಗ್ಲೆಗೆ ಬರುತ್ತಿತ್ತು. ಪಾಪ, ಅದಕ್ಕೇನು ಗೊತ್ತು? ಮುಂದೇನಿದೆಯೋ ಅಲ್ಲಿಗೆ ಹೋಗುವುದು ಅದರ ಧರ್ಮ.

ಸುಣ್ಣಗಾರ ಓಣಿಯನ್ನು ಅಡಗಿಸಿದರು. ಅದೂ ಹಳೆಯ ರೀತಿಯಲ್ಲಲ್ಲ. ಹಿಂದೊಮ್ಮೆ ಬಂದಿದ್ದ ಚುರುಕು ಅಧಿಕಾರಿಯೊಬ್ಬ ಮೌಸ್ ಹಿಡಿದು, ಅಡಗಿದ ಶೀಟುಗಳ ಪಟ್ಟಿ ತೆಗೆದು "ಇದೇನು?" ಎಂದು ಕೇಳಿಬಿಟ್ಟಿದ್ದನಂತೆ. ಈ ಸಲ ಪಟ್ಟಿಯಲ್ಲೂ ಕಾಣದಂತೆ ಮಾಡಿ ಪಾಸ್‌ವರ್ಡ್ ಹಾಕಿದರು. ಅದು ಅವರೊಬ್ಬರಿಗೇ ಗೊತ್ತು.

"ಸಾಹೇಬ್ರ, ವಾರ ಪೂರ್ತಿ ಆ ಓಣಿಗಿ ಪಾಳಿ ತಪ್ತದ್ರಿ," ಎಂದೆ.

"ನೀಲಾ, ನಾವ್ ಸಣ್ಣವರಿದ್ದಾಗ ಪಾಳಿ ಇತ್ತೇನು? ಬದುಕಲಿಲ್ಲೇನು?"

"ಆವಾಗ ಇಷ್ಟು ಬಿಸಲು ಇದ್ದಿಲ್ರಿ."

"ನಿಮ್ಮ ಚಿಗವ್ವಗ ಒಲಿ ಆರಸ್ಲಾಕ ಹೇಳು. ಒಲಿ ಆರಿದ್ರ ಓಣಿ ತಾನ ಹಸಿರಾಗ್ತದ. ಹಸಿರಾದ ದಿನ ನಾನೇ ತಗದು ಮುಂದ ಇಡ್ತೀನಿ." ಹೀಗೆ ಹೇಳಿ ನಕ್ಕರು. ಅವರ ನಗು ಕೆಟ್ಟದ್ದೇನಲ್ಲ. ಅದನ್ನೇ ನನಗೆ ಇವತ್ತಿಗೂ ತಡೆದುಕೊಳ್ಳಲಾಗುವುದಿಲ್ಲ.

ಓಣಿಯವರು ದೂರು ಕೊಡಲು ಫೋನ್ ಹಚ್ಚಿದರು. ದೂರು ಬರೆದುಕೊಳ್ಳುವ ಯಂತ್ರ ಓಣಿಯ ಹೆಸರನ್ನು ಶೀಟುಗಳಲ್ಲಿ ಹುಡುಕುತ್ತದೆ, ಸಿಗದಿದ್ದರೆ 'ಇಂಥ ಓಣಿ ಇಲ್ಲ' ಎಂದು ಹೆಣ್ಣಿನ ದನಿಯಲ್ಲಿ ಹೇಳಿ ಇಟ್ಟುಬಿಡುತ್ತದೆ. ಚಿಗವ್ವ ನನಗೇ ಫೋನ್ ಮಾಡಿದಳು.

"ಏನವ್ವಾ ನೀಲಾ, ಅದ್ಯಾವಾಕಿ ಫೋನಿನ್ಯಾಗ ನಮ್ಮ ಓಣೀನೇ ಇಲ್ಲ ಅಂತಾಳ? ನಾ ಏನ್ ಗಾಳ್ಯಾಗ ಕುಂತೀನೇನು? ಬಂದು ನೋಡು ಅನ್ನು ಆಕಿಗಿ."

"ಆಕಿ ಮಶೀನು, ಚಿಗವ್ವ."

"ಮಶೀನಿಗಿ ಇಷ್ಟು ಸೊಕ್ಕೇನು?" ಎಂದಳು. ಆಮೇಲೆ ದನಿ ಇಳಿಸಿ, "ಎದಿ ಒಂದೀಟು ಹಿಡದಂಗ ಆಗ್ತದ ತಂಗಿ. ಪಾಳಿ ಬಂದ್ರ ಸರಿ ಹೋಗ್ತದ," ಎಂದಳು. ಅವಳು ಎಂದೂ ಮೈ ಸರಿಯಿಲ್ಲ ಎಂದವಳಲ್ಲ.

ವಾಲ್ವ್ ನೋಡಿಕೊಳ್ಳುವ ಖಾಜಾನನ್ನು ಕೂಗಿದೆ. "ಖಾಜಾ, ಸುಣ್ಣಗಾರ ಓಣಿ ವಾಲ್ವ್ ಕೈಲೆ ತಿರುವ್ಲಾಕ ಬರ್ತದೇನಪಾ?"

"ಎಲ್ಲಿ ಬರ್ತದ ನೀಲಕ್ಕ? ಮಂದಿ ಕದ್ದು ತೆಗಿತಾರಂತ ಹೋದ ವರ್ಷನೇ ಚಕ್ರ ಕೊಯ್ಸಿ ಒಯ್ದಾರ. ಈಗ ಅದು ಕಂಪ್ಯೂಟರ್ ಮಾತೇ ಕೇಳ್ತದ."

ಸರಿ, ಕಂಪ್ಯೂಟರಿನ ಮಾತನ್ನೇ ತಿರುಗಿಸೋಣ ಎಂದುಕೊಂಡೆ. ಮ್ಯಾಕ್ರೋ ಶೀಟಿನ ಹೆಸರು ನೋಡುವುದಿಲ್ಲ, ಅದರಲ್ಲಿ ಬರೆದ ವಾಲ್ವಿನ ನಂಬರು ಓದುತ್ತದೆ. ಬಂಗ್ಲೆಯ ನಕಲುಗಳಲ್ಲಿ ಒಂದನ್ನು ತೆರೆದು, ಬಂಗ್ಲೆಯ ನಂಬರು ಅಳಿಸಿ, ಸುಣ್ಣಗಾರ ಓಣಿಯದನ್ನು ಬರೆದೆ. ಮ್ಯಾಕ್ರೋ ತನ್ನ ಪಾಡಿಗೆ ಬಂತು, ಬಂಗ್ಲೆಗೆ ತಂಪು ಕೊಟ್ಟೆ ಎಂದುಕೊಂಡಿತು, ಸುಣ್ಣಗಾರ ಓಣಿಗೆ ಕೊಟ್ಟು ಮುಂದಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಚಿಗವ್ವನ ಫೋನು. ಮಾತಿಲ್ಲ. ಜಾಲರಿಯ ಸುಂಯ್ ಸದ್ದನ್ನು ನನಗೆ ಕೇಳಿಸಲೆಂದು ಫೋನನ್ನು ಗೋಡೆಗೆ ಹಿಡಿದಿದ್ದಳು. ನಾನು ಕಂಟ್ರೋಲ್ ರೂಮಿನಲ್ಲಿ ಕೂತು ಅತ್ತೆ, ನಕ್ಕೆ. ಮಾಡಿದ್ದು ತಪ್ಪೆಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

ಮರುದಿನ ಬೆಳಿಗ್ಗೆ ಸಾಹೇಬರು ಬಂದವರೇ ನನ್ನ ಮುಂದೆ ನಿಂತರು. ಬಂಗ್ಲೆಯಲ್ಲಿ ಸಮಿತಿಯ ಅಧ್ಯಕ್ಷೆಗೆ ಮಧ್ಯಾಹ್ನದ ನಿದ್ದೆ ಹತ್ತಿರಲಿಲ್ಲವಂತೆ, ಕೋಣೆ ಸ್ವಲ್ಪ ಬೆಚ್ಚಗಾಗಿತ್ತಂತೆ.

"ಇದನ್ನ ಯಾರು ಮಾಡಿದ್ದು ಅಂತ ನಾ ಕೇಳಲ್ಲ," ಎಂದರು. "ನಿನ್ನ ನೌಕರಿ ಹೋಗ್ಬಾರ್ದು ಅಂತ ಕೇಳಲ್ಲ. ತಿಳೀತಿಲ್ಲೋ?"

"ನಾನೇ ಮಾಡೀನ್ರಿ. ಅಲ್ಲಿ ನಮ್ಮ ಚಿಗವ್ವ ಅದಾಳ. ಆಕಿಗಿ ಎದಿ ಹಿಡಿಲಾಕತ್ತದ. ಇನ್ನೂ ಎಷ್ಟೋ ಮಂದಿ ಅದಾರ. ಶೀಟು ತೆಗೀರಿ."

ಅವರು ನಾನು ಬದಲಿಸಿದ್ದ ನಂಬರನ್ನು ಮೊದಲಿನಂತೆ ತಿದ್ದಿದರು. ಎಲ್ಲ ಶೀಟುಗಳಿಗೂ ಬೀಗ ಹಾಕಿದರು. ನನಗೆ ಉಳಿದದ್ದು 'ಮುಂದಿನ ಓಣಿ' ಬಟನ್ ಒಂದೇ.

ಅದೇ ಸಂಜೆ ಚಿಗವ್ವನ ದನಿ ಹುರುಪಿನಲ್ಲಿತ್ತು. "ನಿಮ್ಮ ಸಾಹೇಬ್ರು ಸ್ವತಾ ಫೋನ್ ಮಾಡಿದ್ರು. ನಾಳಿ ದೊಡ್ಡ ಮಂದೀಗಿ ನನ್ನ ಕೈ ರೊಟ್ಟೀನೇ ಬೇಕಂತ. ಎರಡು ಬುಟ್ಟಿ."

"ಬ್ಯಾಡ ಚಿಗವ್ವ. ಪಾಳಿ ಇಲ್ದ ಒಲಿ ಹಚ್ಚಬ್ಯಾಡ."

"ಪಾಳಿ ಬರ್ತದ. ರೊಟ್ಟಿ ಹೊತ್ತಿಗಿ ತಂಪು ಬಿಡಸ್ತೀನಿ ಅಂತ ಸಾಹೇಬ್ರು ಹೇಳ್ಯಾರ. ಅಂಥವ್ರು ಸುಳ್ಳ ಹೇಳ್ತಾರೇನು?"

"ಹೇಳ್ತಾರ," ಎಂದೆ.

"ನಿನಗ ಎಲ್ಲಾರ ಮ್ಯಾಲೂ ಸಂಶೆ," ಎಂದು ಬೈದು ಫೋನ್ ಇಟ್ಟಳು.

ಮರುದಿನ ಸಮಿತಿಯವರು ಕಂಟ್ರೋಲ್ ರೂಮಿನಲ್ಲೇ ಕೂತಿದ್ದರು. ಗೋಡೆಯ ದೊಡ್ಡ ಪರದೆಯ ಮೇಲೆ ಶೀಟುಗಳು ಒಂದೊಂದಾಗಿ ಹಾಯುತ್ತಿದ್ದವು, ಎಲ್ಲ ಹಸಿರು. ಸಾಹೇಬರು ವಿವರಿಸುತ್ತಿದ್ದರು. ನಾನು ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ. "ಸಾಹೇಬ್ರ, ಚಿಗವ್ವ ಒಲಿ ಹಚ್ಚೋ ಹೊತ್ತು ಆತ್ರಿ. ನೀವು ಮಾತು ಕೊಟ್ಟೀರಿ."

ಅವರು ಪರದೆಯನ್ನೊಮ್ಮೆ, ಅಧ್ಯಕ್ಷೆಯನ್ನೊಮ್ಮೆ ನೋಡಿದರು. ಶೀಟು ತೆರೆದರೆ ಆ ಹಸಿರಿನ ನಡುವೆ ಒಂದು ಕೆಂಪು ಎದ್ದು ಕಾಣುತ್ತದೆ. "ಊಟ ಆಗ್ಲಿ, ನೋಡೋಣ," ಎಂದು ಪಿಸುಗುಟ್ಟಿದರು.

ರೊಟ್ಟಿಯಿಲ್ಲದೆ ಊಟ ಎಲ್ಲಿಂದ ಆಗಬೇಕು? ನಾನು ಹೊರಗೆ ಬಂದು ಚಿಗವ್ವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಒಲೆಯ ಮುಂದೆ ಕೂತಾಗ ಅವಳು ಫೋನ್ ಎತ್ತುವುದಿಲ್ಲ ಎಂದು ನನಗೇ ನಾನು ಹೇಳಿಕೊಂಡೆ. ರೊಟ್ಟಿ ತರಲು ಖಾಜಾ ಗಾಡಿ ಒಯ್ದಿದ್ದ. ಅವನಿಗೆ ಮಾಡಿದೆ, ಅವನೂ ಎತ್ತಲಿಲ್ಲ.

ಖಾಜಾ ಬಂದಾಗ ಒಂದು ಬುಟ್ಟಿಯನ್ನಷ್ಟೇ ತಂದಿದ್ದ. ಗಾಡಿಯಿಂದ ಇಳಿಯದೆ ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ. "ನೀಲಕ್ಕ, ಒಳಗ ಹೋಗಿ ಕೂಗೀನಿ. ಚಿಗವ್ವ ಒಲಿ ಮುಂದ ಗ್ವಾಡಿಗಿ ಆನಿಕೊಂಡು ಕುಂತಿದ್ಳು. ನಿದ್ದಿ ಹತ್ತ್ಯದೇನೋ ಅನ್ಕೊಂಡಿನಿ," ಎಂದ. ಆಮೇಲೆ ಬೇರೆ ಯಾರೋ ಹೇಳಿದರು, ಅವಳ ಕೈಯಲ್ಲಿ ಹಿಟ್ಟು ಇನ್ನೂ ಹಸಿಯಾಗಿತ್ತಂತೆ, ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಲಾಗಿತ್ತಂತೆ. ಬಿಸಿಲ ಝಳಕ್ಕೆ ಎದೆ ನಿಂತಿತು ಎಂದರು ಡಾಕ್ಟರು. ಬಿಸಿಲ ಝಳವಂತೆ. ಮನೆಯೊಳಗೆ ಕೂತವಳಿಗೆ.

ನಾನು ಗಾಡಿ ಹತ್ತಿ ಸುಣ್ಣಗಾರ ಓಣಿಗೆ ಹೋದೆ. ಆ ಬುಟ್ಟಿಯ ರೊಟ್ಟಿ ಬಂಗ್ಲೆಗೆ ಹೋಯಿತು. ಬಲು ಮೆತ್ತಗಿವೆ ಎಂದು ಹೊಗಳಿ ತಿಂದರಂತೆ, ಕೊನೆಗೆ ಕೂತವರಿಗೆ ಸಾಲಲಿಲ್ಲವಂತೆ.

ಸಂಜೆ ಮಣ್ಣು ಮಾಡಿ ಬಂದೆವು. ಅಂದು ಸುಣ್ಣಗಾರ ಓಣಿಗೆ ತಂಪು ಬಂತು. ಒಂದು ಪಾಳಿಯಲ್ಲ, ಮೇಲಿಂದ ಮೇಲೆ ಎರಡು ಮೂರು. ಸಾಹೇಬರು ತಾವೇ ಕೂತು ತಂಪು ಬಿಡಿಸಿದ್ದಾರೆ ಎಂದು ಖಾಜಾ ಹೇಳಿದ. ಬಾಣಂತಿಯರು ಜಾಲರಿಯ ಕೆಳಗೆ ಕೂತು ಚಿಗವ್ವನ ಹೆಸರು ಹೇಳಿ ಅಳುತ್ತಿದ್ದರು. ನಾನು ಅವಳ ಮನೆಗೆ ಬೀಗ ಹಾಕಿದೆ. ಖಾಲಿ ಮನೆಯ ಸೆನ್ಸರ್ ತೆಗೆಯಬೇಕೆಂಬುದು ನಿಯಮ. ಖಾಜಾ ಕಣ್ಣೊರೆಸಿಕೊಳ್ಳುತ್ತ ಅದನ್ನು ತೆಗೆದ.

ಸಮಿತಿ ಹೊರಡುವ ದಿನ ನನ್ನನ್ನು ಕರೆಸಿದರು. ಬರುವುದಿಲ್ಲ ಎನ್ನಬಹುದಿತ್ತು. ಆದರೆ ಸಾಹೇಬರ ಮುಖ ನೋಡಬೇಕಿತ್ತು ನನಗೆ, ಹೋದೆ. ಅವರು ನನ್ನ ಮುಖ ನೋಡಲಿಲ್ಲ. "ಆಗಬಾರ್ದಾಗಿತ್ತು ನೀಲಾ," ಎಂದು ಗೋಡೆಗೆ ಹೇಳಿದರು. ಅಧ್ಯಕ್ಷೆ ಬಂದು ಕೂತರು. ನಾನು ಬಟನ್ ಒತ್ತುತ್ತ ಹೋದೆ. ಬಜಾರ ಓಣಿ, ಗಾಣಿಗೇರ ಓಣಿ, ಬಂಗ್ಲೆ. ಮತ್ತೊಮ್ಮೆ ಒತ್ತಿದಾಗ ಪರದೆಯ ಮೇಲೆ ಸುಣ್ಣಗಾರ ಓಣಿ ಬಂದು ನಿಂತಿತು.

ಅಷ್ಟೂ ಹಸಿರು. ಸಾಹೇಬರು ಹೇಳಿದ್ದಂತೆಯೇ, ಹಸಿರಾದ ದಿನ ತಾವೇ ತೆಗೆದು ಮುಂದೆ ಇಟ್ಟಿದ್ದರು. ಚಿಗವ್ವನ ಸಾಲು ಎಲ್ಲಕ್ಕಿಂತ ಹಸಿರು. ಸೆನ್ಸರ್ ಇಲ್ಲದೆ ಆ ಮನೆಯ ಲೆಕ್ಕ ಖಾಲಿಯಾಗಿತ್ತು. ಖಾಲಿ ಇದ್ದದ್ದನ್ನು ಯಂತ್ರ ಸೊನ್ನೆ ಎಂದು ಓದುತ್ತದೆ. ಸೊನ್ನೆ ಡಿಗ್ರಿ. ಇಡೀ ಊರಿನಲ್ಲಿ ಅತಿ ತಂಪಾದ ಮನೆ ಎಂದು ಪರದೆಯ ಮೂಲೆಯಲ್ಲಿ ಅದರ ಹೆಸರು ತಾನಾಗಿಯೇ ಮೂಡಿತ್ತು: ಕಾಶೀಬಾಯಿ.

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. "ಇಷ್ಟು ತಂಪಾಗಿರೋ ಮನೆ ಯಾವುದಮ್ಮಾ? ಹೋಗೋಕೆ ಮುಂಚೆ ಒಂದ್ಸಲ ನೋಡಬಹುದಾ? ಆ ಮನೆಯವರನ್ನ ಮಾತಾಡಿಸಬೇಕಿತ್ತು."

"ಮೊನ್ನಿ ನೀವು ಉಂಡ್ರಲ್ರಿ ಮೇಡಂ, ಮೆತ್ತನ್ನ ರೊಟ್ಟಿ," ಎಂದೆ. "ಅವನ್ನ ಬಡಿದಾಕಿ ಮನಿ ಇದು. ನಮ್ಮ ಚಿಗವ್ವ. ನೀವು ಬಂದೀರಂತ ಈ ಓಣಿ ಮುಚ್ಚಿಟ್ಟಿದ್ರು, ತಂಪು ಬರ್ಲಿಲ್ಲ, ಒಲಿ ಮುಂದ ಕುಂತಲ್ಲೇ ಸತ್ಳು. ಈಗ ಒಲಿ ಆರೇದ್ರಿ. ಅದಕ್ಕ ಹಸಿರು."

ಅಧ್ಯಕ್ಷೆಯ ಕೈ ಕನ್ನಡಕದ ಮೇಲೆಯೇ ಉಳಿಯಿತು. ಯಂತ್ರ ಮಾತ್ರ ತನ್ನ ಕೆಲಸ ಮಾಡುತ್ತಿತ್ತು, ಸುಣ್ಣಗಾರ ಓಣಿಯ ವಾಲ್ವ್ ತೆರೆದಿದೆ ಎಂದು ತೋರಿಸುತ್ತಿತ್ತು. ಬೀಗ ಹಾಕಿದ ಆ ಮನೆಯಲ್ಲಿ, ತಣ್ಣಗಾದ ಒಲೆಯ ಮೇಲೆ, ಜಾಲರಿಯಿಂದ ಗಾಳಿ ಬೀಸುತ್ತಿತ್ತು.

ಜಗದೇವ ಸಾಹೇಬರು ನನ್ನ ಹೆಗಲ ಮೇಲಿಂದ ಕೈ ಚಾಚಿ 'ಮುಂದಿನ ಓಣಿ' ಒತ್ತಿದರು.